ಮುನ್ನೂರ ತೊಂಬತ್ತಾರು ಹೌದ್ರಿ

ಬೇವಿನ ತಪ್ಪಲು, ಹಸಿಯದು, ಬಲೆ ಕಟ್ಟಿದ ಗೂಟದ ತುದಿಗೆ — ಬಸ್ಸಿನ ಕಿಟಕಿಯಲ್ಲಿ ಬಂದಷ್ಟೇ ಬೇಗ ಹೋಯಿತು, ತೊಗರಿ ಕೊಯ್ದ ಕರಿ ಹೊಲ, ನಡುವೆ ಬಲೆಯ ದೊಡ್ಡಿ, ಒಳಗೆ ಒತ್ತಾಗಿ ನಿಂತ ಕುರಿಗಳು, ಇಷ್ಟು ಹೊತ್ತೇರಿದರೂ ಮೇಯಲು ಬಿಟ್ಟಿಲ್ಲ, ಯಾವ ಸೋಮಾರಿಯ ಹಿಂಡೋ ಇದು, ಎಂದುಕೊಂಡಳು ಸಪ್ನಾ, ಹನ್ನೊಂದು ಗಂಟೆಗೆ ಕುರಿ ದೊಡ್ಡಿಯಲ್ಲಿದ್ದರೆ ಅವಳ ಅಪ್ಪ ಮಡೆಪ್ಪ ಕೋಲು ಹಿಡಿದು ಬರುತ್ತಿದ್ದ, ಕುರಿಗಲ್ಲ, ಮಕ್ಕಳಿಗೆ — ಹುಮನಾಬಾದಿನ ಕೊನೆಯ ಗ್ಯಾರೇಜು, ಕೊನೆಯ ಚಹಾದಂಗಡಿ ಹಿಂದೆ ಸರಿದವು, ಬಸ್ಸು ಸೊಲ್ಲಾಪುರದ ರಸ್ತೆ ಹಿಡಿದು ಜೋರು ಮಾಡಿತು, ಬಸವಕಲ್ಯಾಣಕ್ಕೆ ಇನ್ನೂ ಮುಕ್ಕಾಲು ತಾಸು, ಮೀಟಿಂಗು ಹನ್ನೆರಡಕ್ಕೆ, ಮುಟ್ಟುತ್ತಾಳೆ, ಅವಳು ಯಾವ ಮೀಟಿಂಗಿಗೂ ತಡ ಹೋದವಳಲ್ಲ, ತಡ ಬಂದವರನ್ನು ಬಯ್ದವಳು. ಆಫೀಸಿನ ಜೀಪಿನಲ್ಲಿ ಇವತ್ತು ಅವಳಿಗೆ ಜಾಗ ಇಲ್ಲ, ಜಾಗವೆಲ್ಲ ಐಸಿನ ಡಬ್ಬಿಗಳಿಗೆ, ಹನ್ನೆರಡು ಡಬ್ಬಿ, ಕುರಿ ಸಿಡುಬಿನ ಲಸಿಕೆ, ಡ್ರೈವರ್ ಜುಬೇರ ಮುಂದಿನ ಸೀಟಿನ ಮೇಲೂ ಒಂದು ಡಬ್ಬಿ ಕೂಡಿಸಿ ಅದಕ್ಕೆ ಬೆಲ್ಟ್ ಹಾಕಿದ್ದ, ನೀವು ಬಸ್ಸಿಗೆ ಬರ್ರಿ ಮೇಡಂ, ಇವು ಬಿಸಲಿಗೆ ತಾಳಂಗಿಲ್ಲ, ನೀವು ತಾಳ್ತೀರಿ, ಎಂದಿದ್ದ, ಬೇರೆ ಯಾರಾದರೂ ಹಾಗೆ ಅಂದಿದ್ದರೆ ಅಲ್ಲೇ ಜನ್ಮ ಜಾಲಾಡುತ್ತಿದ್ದಳು, ಆದರೆ ಮಾತು ಖರೆ ಇತ್ತು, ತಾಳುತ್ತಾಳೆ, ನಲವತ್ಮೂರು ವರ್ಷ ತಾಳಿದ್ದಾಳೆ, ಮಾಣಿಕನಗರದಿಂದ ಆಟೋ, ಸ್ಟ್ಯಾಂಡಿನಿಂದ ಬಸ್ಸು, ಅದರಲ್ಲೇನು ದೊಡ್ಡಸ್ತಿಕೆ ಕಡಿಮೆಯಾಗುತ್ತದೆ.

ಮುನ್ನೂರ ತೊಂಬತ್ತಾರು. ಕುರಿ ಸಿಡುಬು ಬಂದಿದೆಯೇ ಎಂದು ಕೇಳಲು ಹೋದ ಸೋಮವಾರ ನಾನೂರ ಹನ್ನೆರಡು ಹಿಂಡುಗಳಿಗೆ ಯಂತ್ರದ ಫೋನು ಹೋದರೆ ಮುನ್ನೂರ ತೊಂಬತ್ತಾರು ಕಡೆಯಿಂದ ಹೌದು, ಅದರ ಹಿಂದಿನ ಎರಡು ವಾರ ಇನ್ನೂ ಹೆಚ್ಚು — ಅಂಕಿ ನೋಡಿದ ನೈರೋಬಿಯ ಬಾಸ್ ಶನಿವಾರ ಕಂಪ್ಯೂಟರ್ ಪರದೆಯ ಮೇಲೆ ಬಂದು, ಸಪ್ನಾ, ಇಷ್ಟು ದೊಡ್ಡ ರೋಗವನ್ನು ಯಾರೂ ಕಾಣುವ ಮೊದಲೇ ನೀನು ಹಿಡಿದೆ, ಎಂದಳು, ಅವಳ ಹಿಂದೆ ಗೋಡೆಯ ಮೇಲೆ ನಕ್ಷೆ, ಬೀದರ ಜಿಲ್ಲೆ ಕೆಂಪು, ಬಸವಕಲ್ಯಾಣ ತಾಲೂಕು ಕಡುಗೆಂಪು, ಈ ಫೋನಿಗೆ ಹೆಸರು ಬರೆಸಿದವರಲ್ಲಿ ಮುಕ್ಕಾಲು ಮಂದಿ ಅಲ್ಲಿಯವರೇ, ಚಿಟಗುಪ್ಪ ನಿರ್ಣಾದ ಕಡೆ ಮಾತ್ರ ಹದಿನಾರು ಹಸಿರು ಚುಕ್ಕಿ ಹೊಸದಾಗಿ ಬಂದಿದ್ದವು, ಅವರು ಹೌದು ಅನ್ನಲಿಲ್ಲ, ಅಂದರೆ ಅಲ್ಲಿ ರೋಗ ಇಲ್ಲ, ನಮ್ಮೂರು ಪಾರಾಯಿತು ಎಂದು ಸಪ್ನಾ ಒಳಗೊಳಗೇ ಹಿಗ್ಗಿದ್ದಳು. ಇವತ್ತು ಕಲ್ಯಾಣದಲ್ಲಿ ಲಸಿಕೆ ಹಾಕಿಸಿ, ಫೋಟೋ ಹೊಡೆಸಿ, ವರದಿ ಕಳಿಸಿದರೆ ಬರುವ ತಿಂಗಳಿನಿಂದ ಆರು ದೇಶದ ಕೆಲಸ ಅವಳ ಕೈಗೆ, ಆರು ದೇಶದಲ್ಲಿ ಕುರಿ ಮೇಕೆ ಒಂಟೆ ಕಾಯುವವರ ಕಿವಿಗೆ ಅವಳು ಹೇಳಿದ ರೀತಿಯಲ್ಲೇ ಫೋನು ಹೋಗುತ್ತದೆ, ನಿರ್ಣಾದ ಕನ್ನಡ ಶಾಲೆಯಲ್ಲಿ ನೆಲದ ಮೇಲೆ ಕೂತು ಕಲಿತವಳು ಹೇಳಿದ ರೀತಿಯಲ್ಲಿ. ಮತ್ತೆ ಆ ರೀತಿ ಅವಳದೇ ಅಲ್ಲವೇ, ಕನ್ನಡಕ್ಕಾಗಿ ಒಂದು ಒತ್ತಿರಿ, ಮುಂದುವರಿಯಲು ಎರಡು ಒತ್ತಿರಿ ಎಂಬ ದರಿದ್ರವನ್ನು ಕಿತ್ತು ಹಾಕಿಸಿದವಳು ಅವಳು, ಕುರಿ ಕಾಯುವವನು ಗುಂಡಿ ಹುಡುಕಲು ಫೋನನ್ನು ಕಿವಿಯಿಂದ ತೆಗೆದರೆ ಮಾತು ತಪ್ಪುತ್ತದೆ, ತಿರುಗಿ ಕಿವಿಗೆ ಹಿಡಿಯುವಷ್ಟರಲ್ಲಿ ಕಟ್ಟಾಗುತ್ತದೆ, ಬಾಯಿಂದಲೇ ಹೇಳಲಿ, ಹೌದು ಇಲ್ಲವೇ ಇಲ್ಲ, ಯಂತ್ರ ಕೇಳಿ ಬರೆದುಕೊಳ್ಳಲಿ, ಎಂದು ಮೇಜು ಗುದ್ದಿ ಹೇಳಿದ್ದಳು, ಧ್ವನಿಯೂ ಅವಳದೇ, ರೇಡಿಯೋದ ಕನ್ನಡ ಬೇಡ ಎಂದು ತಾನೇ ಮೈಕಿನ ಮುಂದೆ ಕೂತು — ನಿಮ್ಮ ಕುರಿಗೆ ಜ್ವರ ಬಂದು ಮೈಮ್ಯಾಲ ಗುಳ್ಳಿ ಎದ್ದಾವೇನ್ರಿ, ಎದ್ದಿದ್ರ ಹೌದನ್ರಿ, ಇಲ್ಲಂದ್ರ ಇಲ್ಲನ್ರಿ — ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನೂರ ಹನ್ನೆರಡು ಕಿವಿಗಳಲ್ಲಿ ಅವಳೇ ಮಾತಾಡುತ್ತಾಳೆ. ಇವತ್ತೂ ಸೋಮವಾರವೇ, ಆದರೆ ಮೀಟಿಂಗಿನ ಗದ್ದಲದಲ್ಲಿ ಫೋನು ನಿಲ್ಲಿಸಲು ಹೇಳಿದ್ದಾಳೆ, ಗೆದ್ದ ಮೇಲೆ ಮತ್ತೆ ಕೇಳುವುದೇನಿದೆ. ಅಡ್ಡ ಮಾತಾಡಿದವನು ಒಬ್ಬನೇ, ಕಲ್ಯಾಣದ ಪಶು ಡಾಕ್ಟರ್ ಅಶೋಕಕುಮಾರ, ನಾ ಊರೂರು ತಿರುಗಾಕತ್ತೇನಿ ಮೇಡಂ, ಒಂದು ಕುರಿ ಮೈಮ್ಯಾಲೂ ಗುಳ್ಳಿ ಕಂಡಿಲ್ಲ, ಎಂದ, ಕುರ್ಚಿ ಮ್ಯಾಲ ಕೂತು ತಿರುಗಿದ್ರ ಹ್ಯಾಂಗ ಕಾಣ್ತಾವ್ರಿ, ಎಂದಳು ಅವಳು, ಹತ್ತು ಜನರ ಮುಂದೆ, ಅವನ ಮುಖ ಸಣ್ಣದಾಗಿತ್ತು, ಆಗಲಿ, ಮುಖ ದೊಡ್ಡದು ಮಾಡಿಕೊಂಡು ಅವನಾದರೂ ಏನು ಮಾಡುತ್ತಾನೆ.

ಕಂಡಕ್ಟರ್ ಬಂದ, ಅಕ್ಕಾ ಎಲ್ಲಿಗ್ರಿ, ಕಲ್ಯಾಣ, ದುಡ್ಡಿಲ್ಲದ ಚೀಟಿ, ಹೆಂಗಸರ ಉಚಿತ ಚೀಟಿ, ಅದನ್ನು ಬೆರಳಿಗೆ ಸುತ್ತುತ್ತ ಕೂತಳು, ಕಲಬುರಗಿಯಲ್ಲಿ ಎಂಬಿಎ ಮಾಡುವಾಗ ಪಾಸಿನ ಚೀಟಿಯನ್ನೂ ಹೀಗೇ ಸುತ್ತುತ್ತಿದ್ದಳು, ಮೊದಲ ದಿನ ಎಲ್ಲರೂ ಎದ್ದು ನಿಂತು ಮನೆಯ ವ್ಯಾಪಾರ ಹೇಳಬೇಕು, ಒಬ್ಬನದು ದಾಲ್ ಮಿಲ್, ಒಬ್ಬಳದು ಬಟ್ಟೆಯ ಶೋರೂಮು, ಒಬ್ಬನದು ಕಲ್ಲಿನ ಕ್ರಷರ್, ಅವಳು ಎದ್ದು, ನಮ್ಮದು ಇನ್ನೂರು ಕುರಿ ಅದಾವ್ರಿ ಸರ್, ಮಾಲು ತಾನೇ ನಡೆದು ಗಿರಾಕಿ ಬಲ್ಲಿ ಹೋಗ್ತದ, ಎಂದಳು, ಇಡೀ ಕ್ಲಾಸು ನಕ್ಕಿತು, ಸರ್ ಕೂಡ್ರು ಎಂದರು, ಅವಳು ಕೂಡಲಿಲ್ಲ, ನಗು ಮುಗಿಯುವ ತನಕ ನಿಂತೇ ಇದ್ದಳು, ನಗುವವರೇ ಕೊನೆಗೆ ಬೇಸತ್ತು ನಿಲ್ಲಿಸಿದರು, ಆ ಎರಡು ವರ್ಷದಲ್ಲಿ ಕಲಿತ ಎಲ್ಲಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂತು. ಆಮೇಲೆ ಹುಮನಾಬಾದಿನ ಸಂತೆಯಲ್ಲಿ ಕೊಡೆ ಬಿಡಿಸಿ ಸಿಮ್ ಮಾರಿದಳು, ಎಂಬಿಎ ಮಾಡಿ ಕೊಡಿ ಕೆಳಗ ಕುಂತಾಳ ನೋಡು ಎಂದರು ಜನ, ಕುಂತಳು, ನಾಕು ವರ್ಷ ಕುಂತಳು, ಕುರುಬರು ಫೋನನ್ನು ರುಮಾಲಿನ ಸುತ್ತಿನಲ್ಲಿ ಸಿಗಿಸುವುದನ್ನು ನೋಡಿದಳು, ಹೆಂಗಸರು ಕುಪ್ಪಸದಲ್ಲಿ, ಬೆವರಿಗೆ ಗುಂಡಿಗಳ ಮೇಲಿನ ಅಂಕಿ ಅಳಿಸಿ ಹೋಗುವುದನ್ನು ನೋಡಿದಳು, ಅಂಕಿಯೇ ಇಲ್ಲದ ಗುಂಡಿಯನ್ನು ಒತ್ತಿರಿ ಎನ್ನುವವನಿಗಿಂತ ದಡ್ಡ ಯಾರು — ಅಷ್ಟರಲ್ಲಿ ಈಗ ಅವಳಿರುವ ವಿದೇಶಿ ಸಂಸ್ಥೆಯ ಬೆಳ್ಳಗಿನ ಉದ್ದನೆಯ ಮನುಷ್ಯ ಕುರಿಗಾರರನ್ನು ಕೇಳಲು ಬಂದ, ಅವಳು ದುಭಾಷಿ, ಒಂದು ದಿನದ ಕೆಲಸ, ವರ್ಷಕ್ಕೆ ಎಷ್ಟು ಆದಾಯ ಎಂದು ಕೇಳು ಎಂದ, ಅವಳು ಕೇಳಲಿಲ್ಲ, ನಿನ್ನ ಪ್ರಶ್ನೆಯೇ ತಪ್ಪು, ಎಂದಳು ಇಂಗ್ಲಿಷಿನಲ್ಲಿ, ಅವಳ ಕಲ್ಲಿನಂಥ ಇಂಗ್ಲಿಷಿನಲ್ಲಿ, ಇವರನ್ನು ವರ್ಷದ ಲೆಕ್ಕ ಕೇಳಬೇಡ, ಈ ಸಲ ಎಷ್ಟು ಮರಿ ಉಳಿದವು ಅಂತ ಕೇಳು, ಅವನು ಪೆನ್ನು ಕೆಳಗಿಟ್ಟ, ಒಂದು ತಿಂಗಳಿಗೆ ಅವಳಿಗೆ ಕೆಲಸದ ಪತ್ರ ಬಂತು. ಬಯ್ದದ್ದಕ್ಕೆ ಸಿಕ್ಕ ನೌಕರಿ. ಅಲ್ಲಿಂದ ನೇಪಾಳದ ಗುಡ್ಡ, ಅಲ್ಲಿಂದ ಕೀನ್ಯಾದ ಬಡಗಣ ಬಯಲು, ಒಂಟೆ ಕಾಯುವ ಮುದುಕ ಕೋಲನ್ನು ಹೆಗಲ ಹಿಂದೆ ಅಡ್ಡ ಇಟ್ಟು ಎರಡೂ ಕೈ ಅದರ ಮೇಲೆ ತೂಗಿಬಿಟ್ಟು ನಿಂತಿದ್ದ, ಅಪ್ಪ ನಿಲ್ಲುತ್ತಿದ್ದಂತೆಯೇ, ಅವನ ಭಾಷೆಯ ಒಂದು ಅಕ್ಷರ ತಿಳಿಯದಿದ್ದರೂ ಮೊದಲ ಪ್ರಶ್ನೆ ಏನು ಕೇಳಬೇಕೆಂದು ಅವಳಿಗೆ ತಿಳಿದಿತ್ತು, ನೀರು ಎಷ್ಟು ದೂರ. ಎಲ್ಲಿ ಹೋದರೂ ಒಂದೇ ಮಾತು, ನಿಮ್ಮ ಪ್ರಶ್ನೆ ತಪ್ಪು, ನಿಮ್ಮ ಪ್ರಶ್ನೆ ತಪ್ಪು, ಕಠ್ಮಂಡುವಿನ ಮೀಟಿಂಗಿನಲ್ಲಿ ಒಬ್ಬನ ಕಡೆ ಫೈಲು ಎಸೆದದ್ದೂ ಉಂಟು, ಆ ಫೈಲಿನವನು ಈಗ ಅವಳಿಗೆ ದೀಪಾವಳಿಯ ಶುಭಾಶಯ ಕಳಿಸುತ್ತಾನೆ.

ಶುಭಾಶಯ ಕಳಿಸದವಳು ಅವ್ವ ಒಬ್ಬಳೇ. ಒಂದು ತಿಂಗಳಾಯಿತು, ಧೂಳಮ್ಮನಿಂದ ಫೋನಿಲ್ಲ. ಯಾವಾಗ ಬರ್ತಿ, ಕುರಿ ಈದಾವು, ಅರವತ್ತು ಮರಿ ಆಗ್ಯಾವು, ಬಂದು ನೋಡಬಾರದೇನು, ಅಂದಿದ್ದಳು, ಸಪ್ನಾ ಆಗ ನೈರೋಬಿಗೆ ವರದಿ ಬರೆಯುತ್ತಿದ್ದಳು, ನನಗ ಹೊತ್ತಿಲ್ಲವ್ವ, ನಿನಗ ಕುರಿ ಬಿಟ್ರ ಬ್ಯಾರೆ ಮಾತಿಲ್ಲೇನು, ಎಂದು ಫೋನು ಒಗೆದಳು, ಒಗೆದ ಕೂಡಲೇ ತಪ್ಪಾಯಿತು ಅನ್ನಿಸಿತು, ಅನ್ನಿಸಿದರೂ ತಾನೇ ಮೊದಲು ಮಾಡುವವಳಲ್ಲ, ಅವ್ವನೂ ಮಾಡುವವಳಲ್ಲ, ಇಬ್ಬರದೂ ಒಂದೇ ಮೂಗು ಒಂದೇ ಹಟ, ಅಪ್ಪ ಇದ್ದಾಗ ನಡುವೆ ನಿಂತು ನಗುತ್ತಿದ್ದ, ಈಗ ತಮ್ಮ ಅಂಬಾದಾಸನಿಗೆ ನಡುವೆ ನಿಲ್ಲುವಷ್ಟು ಧೈರ್ಯವಿಲ್ಲ — ಇರಲಿ, ಸಿಟ್ಟು ಮಾಡಿಕೊಂಡಿದ್ದಾಳೆ, ಎಷ್ಟು ದಿನ, ಆರು ದೇಶದ ಸುದ್ದಿ ಹೇಳಲು ಹೋದಾಗ ತಾನೇ ಇಳಿಯುತ್ತದೆ, ಆರು ದೇಶ ಅಂದ್ರ ಎಷ್ಟು ಊರವ್ವ, ಎಂದು ಕೇಳುತ್ತಾಳೆ, ಬೇವಿನ ತಪ್ಪಲು — ಯಾಕೆ ಕಟ್ಟಿದ್ದರು ಅದನ್ನು, ಗೂಟಕ್ಕೆ, ಏನು ಹಬ್ಬ ಇವತ್ತು, ಏನೂ ಇಲ್ಲ.

ಹೌದ್ರಿ. ಹಾಂ ಹೌದ್ರಿ. ಹೌದೌದ್ರಿ. ಪಕ್ಕದ ಸೀಟಿನ ಮುದುಕಿ ಹುಮನಾಬಾದಿನಿಂದಲೂ ಫೋನಿನಲ್ಲಿ ಇದನ್ನೇ ಹೇಳುತ್ತಿದ್ದಾಳೆ, ಕಪ್ಪು ಬುರ್ಖಾ, ಮಡಿಲಲ್ಲಿ ಬಳೆಯ ಡಬ್ಬಿಗಳ ಗಂಟು, ಎರಡೂ ಕೈಯಿಂದ ಫೋನು ಹಿಡಿದು ತಲೆ ಆಡಿಸಿ ಆಡಿಸಿ, ಹೌದ್ರಿ, ಹಾಂ, ಬರೋಬ್ಬರಿ ಅದರಿ, ಹೌದ್ರಿ, ಸಪ್ನಾಳ ಕಿವಿ ಕೆಟ್ಟು ಹೋಯಿತು, ಯಾರ ಜೋಡಿ ಮಾತಾಡಾಕತ್ತೀರಿ ಖಾಲಾ, ಅವರಿಗೆ ನೀವೇನೂ ಕೇಳೋದೇ ಇಲ್ಲೇನು, ಎಂದಳು, ಮುದುಕಿ ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು, ತಾಯೀ, ಯಾವುದೋ ಹುಡುಗಿ, ಹಲ್ಲಿನ ಪೇಸ್ಟಿಂದು ಹೇಳಾಕತ್ತದ, ಭಾಳ ನಾಜೂಕ ಮಾತು. ಸಪ್ನಾ ಕಿವಿ ಹತ್ತಿರ ತಂದಳು, ಅದು ಮಷೀನ್ರಿ ಖಾಲಾ, ರೆಕಾರ್ಡು, ಅಲ್ಲಿ ಯಾರೂ ಇಲ್ಲ, ಇಡ್ರಿ ಕೆಳಗ. ಮಷೀನಾದ್ರೇನು, ಬಾಯಿ ಬಿಟ್ಟು ಮಾತಾಡಾಕತ್ತದಿಲ್ಲೋ, ನಡುವ ಕಟ್ ಮಾಡಿದ್ರ ಬೇಜಾರಾಗಂಗಿಲ್ಲೇನು, ಹೂಂ ಅನಲಿಕ್ಕೇನು ಕಷ್ಟ. ಅಂದರೆ ನೀವು ಪೇಸ್ಟ್ ತಗೋತೀರಿ? ಥೂ, ನನ್ನ ಬಾಯಾಗ ಹಲ್ಲೆಲ್ಲಿ ಅವ! ಎಂದು ಬಾಯಿ ತೆರೆದು ತೋರಿಸಿದಳು ಮುದುಕಿ, ಒಂದೂ ಇಲ್ಲ, ಖಾಲಿ ವಸಡು, ನಕ್ಕಳು, ಕಲ್ಯಾಣದಾಗ ಕುಲ್ಸುಮ್ ಬೀ ಅಂತ ಕೇಳು, ಬಳಿ ಅಂಗಡಿ, ಬಾ, ನಿನ್ನ ಕೈ ಬರಿದು ಅದ, ಎಂದು ಮತ್ತೆ ಫೋನು ಕಿವಿಗೆ ಹಿಡಿದಳು, ಹಾಂ ಹೇಳ್ರಿ, ಹೌದ್ರಿ.

ಹೌದ್ರಿ — ಹಲ್ಲಿಲ್ಲ, ಹೌದ್ರಿ. ಸಪ್ನಾ ಬೆರಳಿಗೆ ಸುತ್ತಿದ ಚೀಟಿ ಬಿಚ್ಚಿದಳು, ರಾಜೇಶ್ವರ ಬಂತು, ಹೋಯಿತು, ಮುನ್ನೂರ ತೊಂಬತ್ತಾರು ಹಲ್ಲಿಲ್ಲದ ಬಾಯಿಗಳು — ಇಲ್ಲ, ಹಾಗಿರಲಿಕ್ಕಿಲ್ಲ, ಆಫೀಸಿನ ಕಂಪ್ಯೂಟರ್ ಹುಡುಗ ಅಂಬರೀಷ ಯಂತ್ರವನ್ನು ಸರಿಯಾಗಿ ಕಲಿಸಿದ್ದಾನೆ, ಹಾಂ, ಹೂಂ, ಹೌದು, ಹೌದ್ರಿ, ಎಲ್ಲವನ್ನೂ ಹೌದು ಎಂದೇ ತಿಳಿಯಬೇಕು ಎಂದು ಅವಳೇ ಅವನ ಪಕ್ಕ ಕೂತು ಹೇಳಿದ್ದಳು, ಅವಳೇ — ಅಂಬರೀಷನಿಗೆ ಫೋನು ಮಾಡಿದಳು, ಮಾಣಿಕನಗರದ ಆಫೀಸಿನಲ್ಲಿ ಅವನು ತಿಂಡಿ ತಿನ್ನುತ್ತಿರಬೇಕು, ಬಾಯಿ ತುಂಬ ಏನೋ ಇತ್ತು, ಹೋದ ಸೋಮವಾರದ ದನಿಗಳನ್ನು ಕಳಿಸು, ಅಂಕಿ ಅಲ್ಲ, ದನಿ, ಯಾವವು ಮೇಡಂ, ಕೈಗೆ ಸಿಕ್ಕವು, ಈಗಽ, ನುಂಗಿ ಆಮ್ಯಾಲಲ್ಲ, ಈಗಽ. ಕಿವಿಗೆ ತಂತಿ ಸಿಗಿಸಿದಳು. ಅವಳ ದನಿ, ನಿಮ್ಮ ಕುರಿಗೆ — ಹೌದ್ರಿ ಅಕ್ಕೋರೆ, ಹೇಳ್ರಿ — ಜ್ವರ ಬಂದು ಮೈಮ್ಯಾಲ — ಹಾಂ ರಿ, ಹಾಂ — ಗುಳ್ಳಿ, ಅಷ್ಟೇ, ಪ್ರಶ್ನೆ ಮುಗಿಯುವ ಮೊದಲೇ ಯಂತ್ರ ಹೌದು ಎಂದು ಬರೆದುಕೊಂಡಿತ್ತು. ಇನ್ನೊಂದು, ಹೌದ್ರಿ, ಏ ಸುಮ್ಮ ಕೂಡ್ರಲೇ, ಅಕ್ಕೋರು ಮಾತಾಡಾಕತ್ತಾರ, ಹೌದ್ರಿ. ಇನ್ನೊಂದು, ಹೌದ್ರಿ, ನಿಮ್ಮ ದಯಾದಿಂದ ಎಲ್ಲಾ ಆರಾಮ ಅವರಿ, ಒಂದಕ್ಕೂ ಗುಳ್ಳಿಲ್ರಿ. ಹೌದು, ಎಂದು ಬರೆದಿದೆ ಯಂತ್ರ, ಮೊದಲ ಮಾತೇ ಸಾಕು ಅದಕ್ಕೆ. ಹತ್ತು ಕೇಳಿದಳು, ಇಪ್ಪತ್ತು ಕೇಳಿದಳು, ರೇಡಿಯೋದವಳ ಹಾಗೆ ಮಾತಾಡಿದ್ದರೆ ಸುಮ್ಮನೆ ಕೇಳುತ್ತಿದ್ದರು, ಮನೆಯ ಹೆಣ್ಣುಮಗಳ ಹಾಗೆ ಮಾತಾಡಿದ್ದಕ್ಕೆ ಮರ್ಯಾದೆ ಕೊಟ್ಟರು, ಹೌದ್ರಿ ಅಂದರೆ ಕೇಳಾಕತ್ತೇನಿ ಅಂತ, ಹುಟ್ಟಿದಾಗಿನಿಂದ ಆಡಿದ ಮಾತು, ಅದನ್ನೇ ಮರೆತು ಮೇಜು ಗುದ್ದಿದಳು, ಡಾಕ್ಟರನ ಮುಖ ಸಣ್ಣದು ಮಾಡಿದಳು, ಕಲ್ಯಾಣದಲ್ಲಿ ರೋಗವೇ ಇಲ್ಲ — ಸಿಟ್ಟು ಬಂತು, ಯಾರ ಮೇಲೆ ಬರಬೇಕೆಂದು ತಿಳಿಯದೆ ಒಳಗೇ ಸುತ್ತು ಹೊಡೆಯಿತು, ಹಾಗಾದರೆ ಹದಿನಾರು? ಹೌದು ಅನ್ನದವರು ಏನಂದರು? ಅಂಬರೀಷ, ಆ ಹದಿನಾರು ಹಸಿರು ಕಳಿಸು. ಮೇಡಂ ಅವು ಇಲ್ಲ ಅಂದವು. ಏನಂದವು ಅಂತ ನಾ ಕೇಳ್ತೀನಿ, ನೀ ಕಳಿಸು.

ಮೊದಲನೆಯದು ಗಂಡಸು, ಮುದುಕ, ಬಹಳ ಹೊತ್ತು ಉಸಿರು, ಆಮೇಲೆ, ಆ ಮಾತು ಆಡಬ್ಯಾಡ್ರಿ ತಾಯಿ, ಅಷ್ಟೇ. ಎರಡನೆಯದು, ತಾಯಿ ಬಂದಾಳ್ರಿ. ಮೂರನೆಯದು, ನಮ್ಮ ಮನಿಗೆ ತಾಯಿ ಬಂದಾಳ, ಕಳಿಸಿದ ಮ್ಯಾಲ ಮಾತಾಡ್ತೀನ್ರಿ. ತಾಯಿ ಬಂದಾಳ. ಯಂತ್ರಕ್ಕೆ ಯಾರೂ ಕಲಿಸದ ಮಾತು, ತಿಳಿಯದ್ದೆಲ್ಲ ಇಲ್ಲ, ಇಲ್ಲವೆಲ್ಲ ಹಸಿರು — ಸಪ್ನಾಗೆ ಒಂಬತ್ತು ವರ್ಷ, ನಿರ್ಣಾದ ಹಿತ್ತಲು, ಮರಿಗಳ ಮೂತಿಯ ಮೇಲೆ, ಬಾಲದ ಬುಡದಲ್ಲಿ, ಕೆಂಪು ಗುಳ್ಳೆ, ಅವ್ವಾ ಇದಕ್ಕೇನಾಗ್ಯದ, ಬಾಯಿ ಮುಚ್ಚು, ರೋಗ ಅನಬಾರದು, ತಾಯಿ ಬಂದಾಳ, ಅವ್ವ ಬೇವಿನ ತಪ್ಪಲು ಮುರಿದು ತಂದು ದೊಡ್ಡಿಯ ಗೂಟದ ತುದಿಗೆ ಕಟ್ಟಿದಳು, ಅದು ಕಟ್ಟಿದ ಮೇಲೆ ಹೊರಗಿನವರು ಬರಬಾರದು, ಕುರಿ ಹೊರಗೆ ಹೋಗಬಾರದು, ಅದು ಒಣಗುವ ತನಕ ತೆಗೆಯಬಾರದು, ಒಣಗಿ ಗಾಳಿಗೆ ಗಲಗಲ ಅನ್ನುವಾಗ ಮೊಸರನ್ನ ಒಯ್ದು ಊರ ಗಡಿಯಲ್ಲಿ ತಾಯಿಯನ್ನು ಕಳಿಸಿ ಬಂದರು, ಆವತ್ತು ಎಣಿಸಿದರೆ ನಲವತ್ತು ಮರಿಯಲ್ಲಿ ನಾಲ್ಕು ಉಳಿದಿದ್ದವು, ಅಪ್ಪ ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟು ಖಾಲಿ ದೊಡ್ಡಿಯ ಕಡೆ ನೋಡುತ್ತ ನಿಂತಿದ್ದ, ಮೂವತ್ನಾಲ್ಕು ವರ್ಷ ಆ ತಾಯಿ ಈ ಕಡೆ ಬಂದಿರಲಿಲ್ಲ, ಬೇವು, ಇವತ್ತು ಬೆಳಿಗ್ಗೆ, ಹುಮನಾಬಾದಿನ ಆಚೆ, ಹಸಿ ಬೇವು, ಕಣ್ಣೆದುರೇ ಕಂಡರೂ ಸೋಮಾರಿಯ ಹಿಂಡು ಎಂದಳಲ್ಲ, ಹದಿನಾರಲ್ಲ, ಹದಿನೇಳು, ನಿರ್ಣಾದಿಂದ ಹೆದ್ದಾರಿಯ ತನಕ ಬಂದುಬಿಟ್ಟಿದೆ. ಬೆರಳು ತಾನೇ ಮುಂದಿನ ದನಿ ಒತ್ತಿತು. ಹನ್ನೊಂದನೆಯದು. ಯವ್ವಾ, ಸಪ್ನಾ. ಕಿವಿಯೊಳಗೆ, ಇಷ್ಟು ಹತ್ತಿರ. ಯವ್ವಾ, ಉಂಡೇನು, ಯಂತ್ರದ ಸಪ್ನಾ ಅದಕ್ಕೆ ಉತ್ತರಿಸದೆ ಕುರಿಯ ಜ್ವರದ ಮಾತಾಡುತ್ತಾಳೆ, ಧೂಳಮ್ಮ ಕೊನೆಯ ತನಕ ಕೇಳುತ್ತಾಳೆ, ಆಮೇಲೆ ಸಣ್ಣ ದನಿಯಲ್ಲಿ, ಮನಿಗೆ ತಾಯಿ ಬಂದಾಳವ್ವ, ಹೊರಗಿನವರು ಬರಂಗಿಲ್ಲ, ನೀ ಈಗ ಬರಬ್ಯಾಡ, ಅಕಿನ್ನ ಕಳಿಸಿ ಹೇಳ್ತೀನಿ, ಸಿಟ್ಟಾಗಬ್ಯಾಡ. ಹಿಂದಿನ ಎರಡು ವಾರವನ್ನೂ ಕಳಿಸೆಂದಳು, ಬಂತು, ಹೌದವ್ವ, ಹೌದವ್ವ, ಹೇಳವ್ವ, ಕುರಿ ಚಲೋ ಇದ್ದಾಗ ಹೌದು, ತಾಯಿ ಬಂದ ಮೇಲೆ ಇಲ್ಲ. ಅವ್ವ ಸಿಟ್ಟು ಮಾಡಿಕೊಂಡಿರಲಿಲ್ಲ. ವಾರ ವಾರ ಮಗಳ ಜೊತೆ ಮಾತಾಡುತ್ತಿದ್ದಳು.

ಯಾಕ ತಾಯಿ, ಕಣ್ಣಾಗ ಏನರ ಬಿತ್ತೇನು, ಎಂದಳು ಕುಲ್ಸುಮ್ ಬೀ, ಧೂಳ್ರಿ ಖಾಲಾ, ಎಂದಳು ಸಪ್ನಾ, ಕಣ್ಣು ಒರಸಿ ಫೋನು ಹಿಡಿದಳು, ಅಳುವ ಹೊತ್ತಲ್ಲ ಇದು, ಜುಬೇರ, ಎಲ್ಲಿದ್ದೀ, ಕಲ್ಯಾಣ ಮುಟ್ಟೇನ್ರಿ ಮೇಡಂ, ಶಾಮಿಯಾನಾ ಕಾಣಾಕತ್ತದ, ಹೂವಿನ ಹಾರ ತಂದಾರ, ಹಾರ ಅಲ್ಲೇ ಬಿಡು, ಗಾಡಿ ತಿರುಗಿಸು, ಬಂಗ್ಲಾ ಕ್ರಾಸಿಗೆ ಬಾ, ನಾ ಅಲ್ಲೇ ಇಳಿತೀನಿ, ನಿರ್ಣಾಕ್ಕ ಹೋಗೋದದ, ಮೇಡಂ ತಲಿ ಬರೋಬ್ಬರಿ ಅದಲ್ರಿ, ನಿನ್ನ ತಲಿಗಿಂತ ಬರೋಬ್ಬರಿ ಅದ, ತಿರುಗಿಸು. ಡಾಕ್ಟರ್ ಅಶೋಕಕುಮಾರ, ಫೋನು ಎತ್ತಿದ ಕೂಡಲೇ ಹೇಳಿಬಿಡಬೇಕು, ನಡುವೆ ಉಸಿರು ತಗೊಂಡರೆ ಹೇಳಲಾಗುವುದಿಲ್ಲ, ಡಾಕ್ಟರೇ ನೀವಂದದ್ದು ಖರೆ, ಕಲ್ಯಾಣದಾಗ ರೋಗ ಇಲ್ಲ, ನಿರ್ಣಾ ಕಡೆ ಅದ, ತಪ್ಪು ನಂದು, ಅವನು, ಇನ್ನೊಮ್ಮೆ ಹೇಳ್ರಿ ಮೇಡಂ, ಸ್ಪೀಕರ್ ಹಚ್ತೀನಿ, ಹತ್ತು ಮಂದಿ ಕೇಳ್ಲಿ, ಎಂದ, ಅವಳು ಇನ್ನೊಮ್ಮೆ ಹೇಳಿದಳು, ಜೋರಾಗಿಯೇ, ತಪ್ಪು ನಂದು, ಬಸ್ಸಿನ ಮಂದಿಯೂ ತಿರುಗಿ ನೋಡಿದರು, ನೋಡಲಿ, ಅವನ ದನಿ ಮೆತ್ತಗಾಯಿತು, ರೋಗ ಬಂದ ಹಿಂಡಿಗೆ ಲಸಿಕಿ ಹಾಕಿ ಫಾಯದಾ ಇಲ್ಲ, ಸುತ್ತಲಿನ ಚಲೋ ಹಿಂಡಿಗೆ ಮೊದಲು, ಬಂದದ್ದಕ್ಕ ನಾ ಔಷಧಿ ತರ್ತೀನಿ, ಕುರ್ಚಿ ಬಿಟ್ಟು ಹೊಂಟೇನ್ರಿ. ನೈರೋಬಿಗೆ ಎರಡೇ ಸಾಲು ಬರೆದಳು, ಮುನ್ನೂರ ತೊಂಬತ್ತಾರು ಹೌದು ಬರಿ ಮರ್ಯಾದೆಯ ಮಾತು, ರೋಗ ಹದಿನಾರು ಇಲ್ಲದಲ್ಲಿದೆ, ನನ್ನ ಪ್ರಶ್ನೆ ತಪ್ಪು, ಲಸಿಕೆ ಅಲ್ಲಿಗೆ ಒಯ್ಯುತ್ತಿದ್ದೇನೆ — ಬರೆದು ಕಳಿಸಿಬಿಟ್ಟಳು, ಆರು ದೇಶ ಹೋದರೆ ಹೋಗಲಿ, ಹೋಗಲಿಕ್ಕಿಲ್ಲ, ಅವಳಿಗೆ ನಂಬಿಕೆ ಇದೆ, ಇನ್ನೊಬ್ಬರ ಪ್ರಶ್ನೆ ತಪ್ಪು ಎಂದು ಹೇಳಿ ಬಂದ ನೌಕರಿ ತನ್ನ ಪ್ರಶ್ನೆ ತಪ್ಪು ಎಂದರೆ ಯಾಕೆ ಹೋಗಬೇಕು, ಮತ್ತೆ ಸರಿಯಾದ ಪ್ರಶ್ನೆ ಈಗ ಅವಳಿಗೇ ತಾನೇ ಗೊತ್ತು, ಗುಳ್ಳಿ ಎದ್ದಾವೇನು ಎಂದಲ್ಲ, ದೊಡ್ಡಿಗೆ ಬೇವು ಕಟ್ಟೀರೇನು, ಅದಕ್ಕೆ ಮರ್ಯಾದೆಗೂ ಹೌದು ಅನ್ನುವವನಿಲ್ಲ, ಕಟ್ಟದ ಬೇವನ್ನು ಕಟ್ಟಿದೆ ಅನ್ನಲು ಯಾರಿಗೂ ಎದೆ ಬರುವುದಿಲ್ಲ, ಒಂಟೆಯವರೂ ಏನೋ ಕಟ್ಟುತ್ತಾರೆ, ಗುಡ್ಡದವರೂ ಏನೋ ಕಟ್ಟುತ್ತಾರೆ, ಅದನ್ನೇ ಕೇಳಬೇಕು, ಇಂದೇ ರೆಕಾರ್ಡು ಮಾಡುತ್ತಾಳೆ, ಇದೇ ದನಿಯಲ್ಲಿ, ದನಿ ತಪ್ಪಲ್ಲ. ಬಂಗ್ಲಾ ಬಂತು ಇಳೀರಿ ಅಕ್ಕಾ, ಇಳಿದಳು, ಬಳಿ ಅಂಗಡಿಗೆ ಬರ್ತಿಯಿಲ್ಲೋ, ಎಂದು ಕಿಟಕಿಯಿಂದ ಕುಲ್ಸುಮ್ ಬೀ, ಹೌದ್ರಿ ಖಾಲಾ, ಎಂದಳು ಸಪ್ನಾ, ಅಂದ ಮೇಲೆ ನಗು ಬಂತು, ನಿಜವಾಗಿಯೂ ಬರ್ತೀನ್ರಿ, ಎಂದು ಕೂಗಿದಳು, ಬಸ್ಸು ಹೋಗಿತ್ತು.

ಜೀಪು ಬಂದಾಗ ಮುಂದಿನ ಸೀಟಿನ ಡಬ್ಬಿಯ ಬೆಲ್ಟ್ ಬಿಚ್ಚಿ ತಾನು ಕೂತಳು, ಡಬ್ಬಿ ತೊಡೆಯ ಮೇಲೆ, ಐಸಿನ ತಂಪು ಸೀರೆ ದಾಟಿ ಮೈಗೆ ಹತ್ತುತ್ತದೆ, ಜುಬೇರ ಏನೂ ಕೇಳದೆ ಓಡಿಸುತ್ತಾನೆ, ಬಂದ ರಸ್ತೆಯೇ ತಿರುಗಿ, ರಾಜೇಶ್ವರ, ಕರಿ ಹೊಲ, ಬಲೆಯ ದೊಡ್ಡಿ, ಗೂಟದ ತುದಿಗೆ ಬೇವು, ಈಗ ಕಣ್ಣು ನೆಟ್ಟು ನೋಡಿದಳು, ಹಸಿ, ಇವತ್ತೋ ನಿನ್ನೆಯೋ ಕಟ್ಟಿದ್ದು, ಜಾಗದ ಗುರುತು ಡಾಕ್ಟರಿಗೆ ಕಳಿಸಿದಳು — ಆದರೆ ಅವ್ವ ಹೇಳಿದ್ದು ಹೋದ ಸೋಮವಾರ, ಏಳು ದಿನ, ಅರವತ್ತು ಮರಿ, ಈ ಬಿಸಿಲಿಗೆ ಏಳು ದಿನದಲ್ಲಿ ಬೇವು ಒಣಗುತ್ತದೋ ಇಲ್ಲವೋ, ಆ ವರ್ಷ ಎಷ್ಟು ದಿನ ತಗೊಂಡಿತ್ತು, ನೆನಪಿಲ್ಲ, ಒಂಬತ್ತು ವರ್ಷದವಳು ದಿನ ಎಣಿಸಿರಲಿಲ್ಲ, ಮರಿ ಎಣಿಸಿದ್ದಳು — ಫೋನು ಹಚ್ಚಿದಳು. ಒಂದೇ ರಿಂಗಿಗೆ ಎತ್ತಿದಳು ಧೂಳಮ್ಮ. ಹೌದವ್ವ, ಇವತ್ತ ಯಾಕ ತಡಾ ಮಾಡಿದಿ, ಹತ್ತರಿಂದ ಕಾಯಾಕತ್ತೇನಿ, ಹೇಳು. ಯವ್ವಾ, ನಾ ಸಪ್ನಾ. ಗೊತ್ತದ ಬಿಡು, ವಾರಾ ವಾರಾ ಮತ್ತ ಯಾರು ಮಾತಾಡ್ತಾರ. ಅಲ್ಲವ್ವಾ, ಇವತ್ತ ಖರೇನಽ ನಾನು, ನೀ ಕೇಳಿದ್ರ ಹೇಳ್ತೀನಿ. ಆಚೆಯಿಂದ ಬಹಳ ಎಚ್ಚರದ ದನಿ, ಉಂಡೇನು? ಇನ್ನಾ ಇಲ್ಲವ್ವಾ, ಬಂದು ಉಣ್ತೀನಿ. ಬರಬ್ಯಾಡ ಅಂದೀನಲ್ಲ, ಮನಿಗೆ — ತಾಯಿ ಬಂದಾಳ, ಗೊತ್ತದ, ಗಡಿಗಽ ನಿಂದರ್ತೀನಿ, ಡಾಕ್ಟರನ್ನ ಒಳಗ ಕಳಿಸ್ತೀನಿ, ಕಾಲು ತೊಳಕೊಂಡು ಬರ್ತಾನ, ಬಯ್ಯಬ್ಯಾಡ — ಯವ್ವಾ, ದೊಡ್ಡಿಗೆ ಕಟ್ಟಿದ ಬೇವು ಹಸಿ ಅದನೋ, ಒಣಗ್ಯದೋ? ನನಗೆಲ್ಲಿ ಕಣ್ಣು ಕಾಣ್ತಾವವ್ವ, ಅಂಬಾದಾಸ ನೀರಿಗೆ ಹೋಗ್ಯಾನ, ತಡಿ, ಫೋನು ಹಿಡಕೊಂಡಽ ಹೋಗಿ ಮುಟ್ಟಿ ಹೇಳ್ತೀನಿ. ಗಾಡಿ ನಿಲ್ಲಿಸು ಜುಬೇರ, ಎಂಜಿನ್ ಬಂದ್ ಮಾಡು, ನನಗ ಕೇಳಬೇಕು — ಫೋನನ್ನು ಕಿವಿಗೆ ಒತ್ತಿ ಹಿಡಿದಳು, ಅವ್ವನ ಚಪ್ಪಲಿ ಎಳೆಯುವ ಸದ್ದು, ಹಿತ್ತಲ ಅಗಳಿ, ಒಂದು ಕುರಿ ಕೆಮ್ಮಿತು, ಮರಿಯ ದನಿ, ಒಂದು, ಎರಡು, ಒಂದೇ ಮರಿ ಎರಡು ಸಲವೋ ಎರಡು ಮರಿಯೋ, ಒಣಗಿದ್ದರೆ ಕೈ ತಾಗಿದಾಗ ಗಲಗಲ ಅನ್ನಬೇಕು, ಅಂದರೆ ಮರಿಗಳಿಗೆ ತಡವಾಯಿತು, ಹಸಿ ಇದ್ದರೆ ಸುಮ್ಮನಿರುತ್ತದೆ, ಇನ್ನೂ ಹೊತ್ತಿದೆ, ಯಂತ್ರಕ್ಕಿಲ್ಲದ ಕಿವಿ ಇದೆ ಅವಳಿಗೆ, ಕೇಳುತ್ತಾಳೆ, ಅವ್ವನ ಉಸಿರು, ಗೂಟಕ್ಕೆ ಬಳೆ ತಾಗಿದ ಸದ್ದು, ಕೈ ಮೇಲೆ ಹೋಗುತ್ತಿದೆ, ಗೂಟದ ತುದಿಗೆ, ಬೇವಿನ ತಪ್ಪಲು